ನೂರಹತ್ತರ ಮುಳ್ಳು

ಹಳದೀಪುರ
೮ ಜೂನ್ ೨೦೨೫

ಮಾಸ್ತಿ ಮಾವನಿಗೆ ಗೌರಿಯ ನಮಸ್ಕಾರ.

ಯಾವ ಗೌರಿ ಅಂತ ಕೇಳಬೇಡಿ. ನಿಮ್ಮ ತಿಮ್ಮಪ್ಪನ ಮಗಳು ಶ್ರೀಗೌರಿ. ನಿಮ್ಮೂರು ಬೆಳಕೆಗೆ ಬಂದಾಗಲೆಲ್ಲ ನಿಮ್ಮ ಹೆಗಲೇರಿ ದೋಣಿಯ ತನಕ ಸವಾರಿ ಮಾಡುತ್ತಿದ್ದವಳು. ಈಗ ಹತ್ತೊಂಬತ್ತು ವರ್ಷ, ಹೊನ್ನಾವರದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಈಗ ಹೆಗಲ ಮೇಲೆ ಕೂರಿಸಿಕೊಂಡರೆ ನಿಮ್ಮ ಸೊಂಟ ಹೋದೀತು. ನಿಮಗೆ ಕಿವಿ ಕೇಳುವುದಿಲ್ಲ, ಮನೆಯಲ್ಲಿ ಫೋನೂ ಇಟ್ಟುಕೊಂಡಿಲ್ಲ ಎಂದು ಅಮ್ಮ ಹೇಳಿದಳು. ಅದಕ್ಕೇ ಕಾಗದ. ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದಾಗ ಅಲ್ಲಿಯ ಅಕ್ಕ ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು.

ವಿಷಯ ಹೀಗಿದೆ. ಕುಮಟೆಯಲ್ಲಿ ಗುರುದತ್ತ ಸರ್ ಹತ್ತಿರ ಎರಡು ವರ್ಷದಿಂದ ಶೂಟಿಂಗ್ ಕಲಿಯುತ್ತಿದ್ದೇನೆ. ಹತ್ತು ಮೀಟರ್ ಆಚೆ ಒಂದು ಕಾಗದ, ನಡುವೆ ಒಂದು ಚುಕ್ಕೆ, ಅರವತ್ತು ಗುಂಡು. ಮಂಗ, ಹಕ್ಕಿ ಯಾವುದರ ಪ್ರಾಣಕ್ಕೂ ತೊಂದರೆ ಇಲ್ಲ. ಇಷ್ಟು ದಿನ ಸರ್ ಬಂದೂಕಿನಲ್ಲೇ ಹೊಡೆದೆ. ಈಗ ನನ್ನದೇ ಒಂದು ಬಂದಿದೆ. ಯಾರೋ ಬಳಸಿ ಬಿಟ್ಟದ್ದು, ಆದರೂ ನನ್ನದು. ನಳಿಗೆಯ ಕೆಳಗೆ ಒಂದು ಪುಟ್ಟ ಸಿಲಿಂಡರಿದೆ. ಅದರಲ್ಲಿ ಮೊದಲೇ ಗಾಳಿ ಒತ್ತಿ ತುಂಬಿಟ್ಟುಕೊಂಡರೆ, ಒಂದೊಂದು ಗುಂಡಿಗೂ ಒಂದೊಂದು ಗುಟುಕು ಗಾಳಿ ಬಿಡುತ್ತದೆ. ತುಂಬಲು ಇನ್ನೂರು ಬಾರ್ ಒತ್ತಡ ಬೇಕು. ಬಂದೂಕೇನೋ ಬಂತು, ಗಾಳಿ ಎಲ್ಲಿಂದ ತರಲಿ?

ಸರ್ ಮೂರು ದಾರಿ ಹೇಳಿದರು. ಕೈಪಂಪು, ಕರೆಂಟಿನ ಕಂಪ್ರೆಸರು, ಇಲ್ಲವೇ ಕಡಲಲ್ಲಿ ಮುಳುಗಿ ಕೆಲಸ ಮಾಡುವವರು ಬೆನ್ನಿಗೆ ಕಟ್ಟಿಕೊಳ್ಳುವ ದೊಡ್ಡ ಸಿಲಿಂಡರು. ಮೂರನೆಯದನ್ನು ಕೇಳಿದ್ದೇ ತಡ, ಅಪ್ಪನ ಹಳದಿ ಸಿಲಿಂಡರು ನೆನಪಾಯಿತು. ಅದು ನಿಮ್ಮಲ್ಲೇ ಇದೆ ಅಂದಳು ಅಮ್ಮ. ಅಕ್ಟೋಬರಿನಲ್ಲಿ ಧಾರವಾಡದಲ್ಲಿ ಆಯ್ಕೆ ಪಂದ್ಯ. ಅಲ್ಲಿ ಗೆದ್ದರೆ ಮುಂದಕ್ಕೆ ದಾರಿ, ಇಲ್ಲದಿದ್ದರೆ ಬಂದೂಕು ಮಾರಿ ಬ್ಯಾಂಕ್ ಪರೀಕ್ಷೆಗೆ ಕೂರುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಆ ಸಿಲಿಂಡರು ಕೊಡುತ್ತೀರಾ?

ಅಪ್ಪ ಮನೆಯಲ್ಲಿ ಆಡಿಸುತ್ತಿದ್ದ ಹಗ್ಗದ ಆಟ ನನಗಿನ್ನೂ ಬಾಯಿಪಾಠ. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಂಚದ ಕೆಳಗಿನ ಸಮುದ್ರಕ್ಕೆ ಇಳಿಯುವುದು, ನಾನು ಮಂಚವೆಂಬ ದೋಣಿಯಲ್ಲಿ ಕೂತು ಹಗ್ಗ ಹಿಡಿಯುವುದು. ಒಂದು ಸಲ ಜಗ್ಗಿದರೆ ‘ಸಿಕ್ಕಿತು’. ಎರಡು ಸಲ ಜಗ್ಗಿದರೆ ‘ಗಾಳಿ ಕಳಿಸು’. ಮೂರು ಸಲ ಜಗ್ಗಿದರೆ ‘ಮೇಲೆಳೆ’. ನೀವಿಬ್ಬರೂ ನಿಜವಾದ ಕಡಲಲ್ಲಿ ಹಾಗೇ ಮಾಡುತ್ತಿದ್ದಿರಂತೆ.

ಉತ್ತರ ಕಾಯುವ
ಗೌರಿ

*

ಬೆಳಕೆ
೧೯ ಜೂನ್ ೨೦೨೫

ಮಗಾ ಗೌರಿ,

ನಿನ್ನ ಅಕ್ಷರ ನಿನ್ನ ಅಪ್ಪನದ್ದೇ. ಅವನದ್ದೂ ಹೀಗೇ ಎಡಕ್ಕೆ ವಾಲುತ್ತಿತ್ತು. 

ಸಿಲಿಂಡರಿನ ಆಸೆ ಬಿಡು. ಅದು ಖಾಲಿ. ಹನ್ನೊಂದು ವರ್ಷದಿಂದ ಮೂಲೆಯಲ್ಲಿ ಬಿದ್ದಿದೆ. ಇಷ್ಟಿಷ್ಟು ವರ್ಷಕ್ಕೊಮ್ಮೆ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸದ ಸಿಲಿಂಡರಿಗೆ ಗಾಳಿ ತುಂಬುವುದು ಬಾಂಬಿಗೆ ಗಾಳಿ ತುಂಬಿದ ಹಾಗೆ.

ಬುದ್ಧಿ ಕೇಳಿದ್ದೀಯ, ಹೇಳುತ್ತೇನೆ. ಪಂಕ್ಚರ್ ಅಂಗಡಿಯ ಕಂಪ್ರೆಸರು ಹತ್ತು ಬಾರ್ ಒತ್ತಡಕ್ಕೇ ಸುಸ್ತಾಗುತ್ತದೆ, ಅದರ ಹತ್ತಿರ ಹೋಗಬೇಡ. ವೆಲ್ಡಿಂಗಿನವರ ಆಕ್ಸಿಜನ್ ಅಂತೂ ಕನಸಿನಲ್ಲೂ ಬೇಡ. ಚೂರು ಎಣ್ಣೆ ಪಸೆ ಇದ್ದರೂ ಹೊತ್ತಿಕೊಳ್ಳುತ್ತದೆ, ಬಂದೂಕಿನ ಜೊತೆ ನಿನ್ನ ಮೋರೆಯೂ ಹೋಗುತ್ತದೆ. ಬರೀ ಗಾಳಿ, ಒಣ ಗಾಳಿ ಮಾತ್ರ. ದೊಡ್ಡ ಒತ್ತಡದ ಕಂಪ್ರೆಸರು ಒಳ್ಳೆಯದೇ, ಆದರೆ ನಮ್ಮ ಕಡೆಯ ಕರೆಂಟು ನಂಬಿ ಎಂತ ಮಾಡ್ತೆ? ಕಾದು ಕೆಂಡವಾಗುತ್ತದೆ, ಕ್ಷಣಕ್ಷಣಕ್ಕೂ ನೀರು ಬಿಡಿಸುತ್ತಿರಬೇಕು. ನಿನ್ನ ಪುಟ್ಟ ಸಿಲಿಂಡರಿಗೆ ಕೈಪಂಪು ಸಾಕು. ಐವತ್ತು ಸಲ ಒತ್ತಿ ನಿಲ್ಲಿಸು, ತಣಿಯಲಿ, ನೀರು ಬಿಡು, ಮತ್ತೆ ಒತ್ತು. ನಮ್ಮ ಕರಾವಳಿಯ ಗಾಳಿಯಲ್ಲಿ ಅರ್ಧ ನೀರೇ ಇರುತ್ತದೆ.

ನಿನ್ನ ಅಮ್ಮ ರೇಖಾಳಿಗೆ ಕೇಳಿದೆ ಅಂತ ಹೇಳು. ಮನೆಗೆ ಬರಬೇಡ. ಮಳೆಗೆ ದಾರಿ ಕೆಟ್ಟಿದೆ.

ಮಾಸ್ತಿ

*

ಹಳದೀಪುರ
೩ ಜುಲೈ ೨೦೨೫

ಮಾಸ್ತಿ ಮಾವಾ,

ನಿಮ್ಮ ಬುದ್ಧಿಮಾತು ಕೇಳಿ ಸರ್ ಹತ್ತಿರ ಕೈಪಂಪು ಎರವಲು ತಂದೆ. ನಾನು ನಲವತ್ತಮೂರು ಕೆ.ಜಿ. ನೂರೈವತ್ತು ಬಾರ್ ದಾಟಿದ ಮೇಲೆ ನಾನು ಪಂಪನ್ನು ಒತ್ತುವುದಲ್ಲ, ಪಂಪೇ ನನ್ನನ್ನು ಎತ್ತುತ್ತದೆ. ಹಿಡಿಕೆಯ ಮೇಲೆ ಹೊಟ್ಟೆ ಹಾಕಿ ನೇತಾಡಿದೆ. ಎದುರು ಮನೆಯವರು ಇವಳಿಗೆ ಎಂತ ಆತು ಅಂತ ನೋಡಲು ಬಂದರು. ಹೇಗೋ ತುಂಬಿಸಿ ಬಂದೂಕು ಎತ್ತಿದರೆ ಕೈ ಗಡಗಡ ನಡುಗುತ್ತದೆ. ಗುಂಡಿಗೆ ಹತ್ತು ಅಂಕ ಬೀಳಬೇಕಾದಲ್ಲಿ ಏಳು, ಆರು. ನಮ್ಮ ಆಟದಲ್ಲಿ ಉಸಿರೇ ಎಲ್ಲ. ಅರ್ಧ ಬಿಟ್ಟು, ಅರ್ಧ ಹಿಡಿದು, ಆ ಏಳೆಂಟು ಸೆಕೆಂಡಿನೊಳಗೆ ಹೊಡೆಯಬೇಕು. ಪಂಪು ಒತ್ತಿ ಏದುಸಿರು ಬಿಡುವವಳಿಗೆ ಅದು ಆಗುತ್ತದೆಯೇ?

ಖಾಲಿ ಅಂದಿರಲ್ಲ, ನನಗೆ ಬೇಕಾದ್ದೂ ಖಾಲಿಯೇ. ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ ಹೊಸ ಗಾಳಿ ತುಂಬಿಸಿಕೊಡುವವರು ಇದ್ದಾರಂತೆ. ಪಾಸಾಗದಿದ್ದರೆ ಗುಜರಿಗೆ ಹಾಕೋಣ. ಮುಂದಿನ ಭಾನುವಾರ ಅಮ್ಮನ ಸ್ಕೂಟರಿನಲ್ಲಿ ಬರುತ್ತೇನೆ.

ಅಮ್ಮನಿಗೆ ಮನಸ್ಸಿಲ್ಲ. ದೇಹ ಸಿಗದವನ ಸಾಮಾನು ಮನೆಯೊಳಗೆ ಬರಬಾರದು ಅನ್ನುತ್ತಾಳೆ. ದರ್ಭೆಯ ಗೊಂಬೆ ಸುಟ್ಟು ಕ್ರಿಯೆ ಮಾಡಿದೆವಲ್ಲ, ಅದರ ಬೂದಿಯನ್ನು ಬಿಡುವಾಗಲೂ ಅವಳು ನೀರಿನ ಕಡೆಗೇ ನೋಡುತ್ತಿದ್ದಳಂತೆ. ನನಗೆ ಮಾತ್ರ ಅಪ್ಪನ ವಸ್ತು ಒಂದಾದರೂ ಕೈಯಲ್ಲಿರಬೇಕು ಅನ್ನಿಸುತ್ತದೆ.

ನಿಮ್ಮ
ಗೌರಿ

*

ಹಳದೀಪುರ
೧೪ ಜುಲೈ ೨೦೨೫

ಮಾವಾ,

ಬರುತ್ತೇನೆ ಅಂದ ದಿನವೇ ಮನೆಗೆ ಬೀಗ ಹಾಕಿ ಹೋದಿರಿ. ಸಾಲದ್ದಕ್ಕೆ ಯಾರಿಗೂ ಹೇಳದೆ. ಪಕ್ಕದ ಗಂಗಿ ಅಜ್ಜಿ ನನ್ನ ಮುಖ ನೋಡಿದ ಕೂಡಲೇ “ತಿಮ್ಮಪ್ಪನ ಕೂಸು ಅಲ್ಲವೇನೇ?” ಅಂತ ಬೀಗದಕೈ ತಂದುಕೊಟ್ಟರು. ಬೈಯುವುದಿದ್ದರೆ ನನಗೆ ಬೈಯಿರಿ.

ಸಿಲಿಂಡರು ಒಳಕೋಣೆಯ ಮಂಚದ ಮೇಲಿತ್ತು. ಮೂಲೆಯಲ್ಲಲ್ಲ, ಮಂಚದ ಮೇಲೆ, ಕುತ್ತಿಗೆಯವರೆಗೆ ಹೊದಿಕೆ ಹೊದ್ದು. ನಿಮ್ಮ ಚಾಪೆ ಮಾತ್ರ ನೆಲದ ಮೇಲೆ. ನಗು ಬಂತು, ಆಮೇಲೆ ಬರಲಿಲ್ಲ. ಗಾಳಿ ಬಿಡುವ ಕೀಲು ತಿರುಗಿಸಿದೆ. ಒತ್ತಡ ತೋರಿಸುವ ಗೇಜಿನ ಮುಳ್ಳು ಎದ್ದು ನೂರಹತ್ತಕ್ಕೆ ನಿಂತಿತು.

ಖಾಲಿ ಅಂದಿದ್ದಿರಿ.

ತಪ್ಪೋ ಸರಿಯೋ, ಅಲ್ಲೇ ಕೂತು ಬಂದೂಕಿನ ಪುಟ್ಟ ಸಿಲಿಂಡರನ್ನು ಅದರಿಂದ ತುಂಬಿಸಿಕೊಂಡೆ. ಸರ್ ಕೊಟ್ಟ ಕೊಳವೆ ಚೀಲದಲ್ಲಿತ್ತು. ನಿಧಾನವಾಗಿ, ನೀವು ಹೇಳಿದ ಹಾಗೆ ಬಿಸಿಯಾಗದಂತೆ ತುಂಬಿದೆ. ದೊಡ್ಡದನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ನೂರಹತ್ತು ಬಾರ್ ಅಂದರೆ ಒಂದು ಪಂದ್ಯಕ್ಕೆ ಸಾಕು.

ಮಾರನೇ ದಿನ ಕುಮಟೆಯಲ್ಲಿ ಅರವತ್ತು ಗುಂಡು ಹೊಡೆದೆ. ಐವತ್ತೊಂದು ಹತ್ತಕ್ಕೇ ಬಿದ್ದವು! ಜನ್ಮದಲ್ಲಿ ಹಾಗೆ ಹೊಡೆದವಳಲ್ಲ ನಾನು. ಕೆನ್ನೆ ಬಂದೂಕಿಗೆ ತಾಗಿಸಿದರೆ ಸಾಕು, ಮೈಯೆಲ್ಲ ತಣ್ಣಗಾಗಿ ಎಲ್ಲ ಸದ್ದೂ ದೂರ ಹೋಗುತ್ತಿತ್ತು. ಉಸಿರು ಎಷ್ಟು ಹೊತ್ತು ಹಿಡಿದರೂ ಬಿಡಬೇಕು ಅನ್ನಿಸಲಿಲ್ಲ. ಕೊನೆಗೆ ಸರ್ ಓಡಿಬಂದು ಭುಜ ಅಲ್ಲಾಡಿಸಿದರು. “ಉಸಿರಾಡೇ ಮಾರಾಯ್ತಿ! ಎರಡು ನಿಮಿಷ ಆತು, ತುಟಿ ನೀಲಿ ಆಗಿದ್ದು!” ನನಗೆ ಎರಡು ಸೆಕೆಂಡು ಅನ್ನಿಸಿತ್ತು. ಬಾಯಲ್ಲಿ ಉಪ್ಪು ರುಚಿ.

ಅರವತ್ತು ಗುಂಡಾದ ಮೇಲೂ ಬಂದೂಕಿನ ಮುಳ್ಳು ನೂರಹತ್ತರಲ್ಲೇ ಇದೆ. ಗೇಜು ಕೆಟ್ಟಿರಬೇಕು ಅಂದರು ಸರ್. ನನಗೆ ಖುಷಿ, ಮಾವಾ. ಅಪ್ಪನೇ ಹಿಡಿದು ಹೊಡೆಸಿದ ಹಾಗಿತ್ತು. ಧಾರವಾಡಕ್ಕೂ ಇದೇ ಗಾಳಿ. ಇದಕ್ಕಿಂತ ಒಳ್ಳೆಯದು ಯಾವ ಕಂಪ್ರೆಸರಿನಿಂದಲೂ ಬರುವುದಿಲ್ಲ.

ಗೌರಿ

*

ಬೆಳಕೆ
೧೭ ಜುಲೈ ೨೦೨೫

ಗೌರೀ,

ಇದು ಕೈಗೆ ಸಿಕ್ಕಿದ ಗಳಿಗೆಯೇ ಆ ಪುಟ್ಟ ಸಿಲಿಂಡರನ್ನು ಬಿಚ್ಚಿ ಅಂಗಳದಲ್ಲಿಡು. ಆ ಗಾಳಿಯಲ್ಲಿ ಇನ್ನೊಂದು ಗುಂಡೂ ಹೊಡೆಯಬೇಡ. ಕಾರಣ ಕೆಳಗೆ ಬರೆಯುತ್ತೇನೆ. ಬರೆದ ಮೇಲೆ ನೀನು ನನ್ನನ್ನು ಮಾವ ಅನ್ನುವುದಿಲ್ಲ. ಅನ್ನಬೇಡ.

ನಾವಿಬ್ಬರೂ ಮಾಡುತ್ತಿದ್ದ ಕೆಲಸ ನಿನಗೆ ಗೊತ್ತು. ಬಂಡೆಗೆ ಸಿಕ್ಕಿದ ಬಲೆ ಬಿಡಿಸುವುದು, ಮುಳುಗಿದ ಲಂಗರು ಎತ್ತುವುದು. ಇಬ್ಬರಿಗೂ ಇದ್ದದ್ದು ಒಂದೇ ಸಿಲಿಂಡರು, ಎರಡು ಬಾಯಿಕೊಳವೆ. ಸಿಲಿಂಡರು ಒಬ್ಬನ ಬೆನ್ನಿಗೆ, ಇನ್ನೊಬ್ಬ ಪಕ್ಕದಲ್ಲೇ ಅಂಟಿಕೊಂಡು ಉಸಿರಾಡಬೇಕು. ಬೇರೆ ಯಾರೂ ಹಾಗೆ ಮಾಡುವುದಿಲ್ಲ. ನಮಗೆ ಅದೊಂದು ಜಂಬವಾಗಿತ್ತು. ಒಂದೇ ಹೊಟ್ಟೆಯ ಮಕ್ಕಳು ಅಂತ ದೋಣಿ ನಿಲ್ಲುವ ದಕ್ಕೆಯಲ್ಲಿ ನಗುತ್ತಿದ್ದರು.

ಅವತ್ತು ಸಪ್ಟೆಂಬರ್ ಇಪ್ಪತ್ತೊಂದು. ಎಂಟು ಮಾರು ಆಳ, ಕೆಸರು ನೀರು. ಸಿಲಿಂಡರು ನನ್ನ ಬೆನ್ನಿಗೆ, ಹಗ್ಗ ನಿನ್ನ ಅಪ್ಪನ ಸೊಂಟಕ್ಕೆ. ಬಲೆ ಕೊಯ್ಯುತ್ತಿದ್ದಾಗ ಅವನ ಕಾಲು ಅದರೊಳಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದವನ ಕೈಯಿಂದ ಚೂರಿ ಜಾರಿತು. ಬಲೆ ನನ್ನ ಕಾಲಿಗೂ ತಾಗಿತು ಅನ್ನಿಸಿತು, ಗೌರಿ. ತಾಗಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಹೆದರಿಕೆ ಬಂತು. ಒದ್ದುಕೊಂಡು ಮೇಲೆ ಬಂದೆ. ಅವನ ಬಾಯಲ್ಲಿದ್ದ ಕೊಳವೆಯೂ ನನ್ನ ಜೊತೆ ಬಂತು.

ಅಷ್ಟು ಬೇಗ ಮೇಲೆ ಬರಬಾರದು. ಎರಡೂ ಕಿವಿಯಿಂದ ರಕ್ತ ಸುರಿಯಿತು. ದೋಣಿಯಲ್ಲಿ ಬಿದ್ದುಕೊಂಡು ಹಗ್ಗ ಹಿಡಿದೆ. ಎರಡು ಜಗ್ಗು ಬಂತು. ಗಾಳಿ ಕಳಿಸು. ಮತ್ತೆ ಎರಡು. ಮತ್ತೆ ಎರಡು. ದೋಣಿಯ ವಿಘ್ನೇಶ್ವರ ನನ್ನ ಬೆನ್ನಿನ ಸಿಲಿಂಡರು ಬಿಚ್ಚಿ, ತಾನು ಇಳಿಯುತ್ತೇನೆ ಅಂತ ಕೈಸನ್ನೆ ಮಾಡಿದ. ನಾನು ಗೇಜಿನ ಮೇಲೆ ಅಂಗೈ ಮುಚ್ಚಿದೆ. “ಖಾಲಿ ಆತು” ಅಂದೆ. ಯಾಕೆ ಅಂದೆನೋ ದೇವರಾಣೆ ಗೊತ್ತಿಲ್ಲ. ಗಾಳಿ ಇದ್ದೂ ಬಿಟ್ಟು ಬಂದೆ ಅಂತ ಗೊತ್ತಾಗಬಾರದು ಅಂತಿರಬೇಕು. ಅವನು ಸಿಲಿಂಡರಿಲ್ಲದೆ ಧುಮುಕಿದ, ಮುಟ್ಟಲಾಗದೆ ಮೇಲೆ ಬಂದ. ಕಡೆಗೆ ಮೂರು ಜಗ್ಗು ಬಂತು. ಎಳೆದೆವು. ಹಗ್ಗ ಬರಿದೇ ಬಂತು, ಗಂಟು ಬಿಚ್ಚಿತ್ತು.

ಅಂಗೈ ತೆಗೆದಾಗ ಮುಳ್ಳು ನೂರಹತ್ತರಲ್ಲಿತ್ತು.

ಈ ಹನ್ನೊಂದು ವರ್ಷದಲ್ಲಿ ಮೂರು ಸಲ ಆ ಗಾಳಿಯನ್ನು ಪೂರ್ತಿ ಬಿಟ್ಟಿದ್ದೇನೆ. ಸೊನ್ನೆಗೆ ಬಂದದ್ದನ್ನು ಕಣ್ಣಾರೆ ನೋಡಿ ಮಲಗಿದ್ದೇನೆ. ಬೆಳಗಾಗುವಾಗ ಮತ್ತೆ ನೂರಹತ್ತು. ನನಗೆ ಗುಡುಗು ಕೇಳುವುದಿಲ್ಲ, ದೇವಸ್ಥಾನದ ಗಂಟೆ ಕೇಳುವುದಿಲ್ಲ. ಆ ಸಿಲಿಂಡರು ಉಸಿರಾಡುವುದು ಮಾತ್ರ ಕೇಳುತ್ತದೆ. ಒಳಗೆ, ಹೊರಗೆ. ಮಂಚದ ಮೇಲೆ ಮಲಗಿಸಿದರೆ ಸ್ವಲ್ಪ ನಿಧಾನವಾಗುತ್ತದೆ.

ನಿನ್ನ ತುಟಿ ನೀಲಿಯಾಯಿತು ಅಂತ ಓದಿದಾಗಿನಿಂದ ಅನ್ನ ಸೇರುತ್ತಿಲ್ಲ. ಅವನ ಗಾಳಿ ನಾನು ತಿಂದೆ. ನಿನ್ನದನ್ನೂ ತಿನ್ನಲಾರೆ.

ಮಾಸ್ತಿ

*

ಹಳದೀಪುರ
೩೦ ಆಗಸ್ಟ್ ೨೦೨೫

ಮಾಸ್ತಿಯವರಿಗೆ,

ಒಂದೂವರೆ ತಿಂಗಳು ಬರೆಯಲಿಲ್ಲ. ಬರೆದು ಹರಿದದ್ದು ಬೇಕಾದಷ್ಟಿದೆ. ಅವುಗಳಲ್ಲಿದ್ದ ಬೈಗುಳ ನಿಮಗೆ ಗೊತ್ತೇ ಇರುತ್ತದೆ, ನೀವೇ ನಿಮಗೆ ದಿನಾ ಬೈದುಕೊಂಡಿರುತ್ತೀರಿ. ನನಗೆ ಎಂಟು ವರ್ಷವಾಗಿತ್ತು ಆಗ. ನೀವು ನಮ್ಮ ಮನೆಗೆ ಬಂದು ಚಾವಡಿಯಲ್ಲಿ ಅಳುತ್ತ ಕೂತಾಗ ನಿಮಗೆ ನೀರು ತಂದುಕೊಟ್ಟವಳು ನಾನು.

ಒಂದು ಮಾತು ಅವತ್ತು ಬರೆದಿರಲಿಲ್ಲ. ಕೊನೆಯ ಹತ್ತು ಗುಂಡು ಹೊಡೆಯುವಾಗ ಸೊಂಟದ ಹತ್ತಿರ ಯಾರೋ ನನ್ನ ಶೂಟಿಂಗ್ ಕೋಟು ಹಿಡಿದು ಎಳೆದ ಹಾಗಾಗುತ್ತಿತ್ತು. ಕೋಟು ಬಿಗಿ ಅಂದುಕೊಂಡೆ. ಪ್ರತಿ ಗುಂಡಿಗೂ ಎರಡು ಸಲ. ಆಮೇಲೆ ನಿಮ್ಮ ಕಾಗದ ಬಂತು.

ಅಪ್ಪ ನನಗೆ ಗುರಿ ಹಿಡಿದುಕೊಡುತ್ತಿದ್ದಾನೆ ಅಂತ ಹಿಗ್ಗಿದ್ದೆ. ಅವನು ಗಾಳಿ ಕೇಳುತ್ತಿದ್ದ. ಹನ್ನೊಂದು ವರ್ಷದಿಂದ ಅದನ್ನೇ ಕೇಳುತ್ತಿದ್ದಾನೆ. ಅವನಿಗೆ ಕಳಿಸಬೇಕಾದ ಗಾಳಿಯನ್ನು ನಾನು ಕಾಗದಕ್ಕೆ ಹೊಡೆದು ಖರ್ಚು ಮಾಡಿದೆ.

ಪುಟ್ಟ ಸಿಲಿಂಡರನ್ನು ಹಳದೀಪುರದ ಕಡಲತೀರದಲ್ಲಿ ಖಾಲಿ ಮಾಡಿದೆ. ಅದರ ಮುಳ್ಳು ಮತ್ತೆ ಏಳಲಿಲ್ಲ. ದೊಡ್ಡದನ್ನು ನೀವು ತೆಗೆದುಕೊಂಡು ಹೋಗಬೇಕು. ಅದೇ ತಾರೀಕು, ಅದೇ ಜಾಗ, ಅದೇ ದೋಣಿ. ವಿಘ್ನೇಶ್ವರನಿಗೆ ನಿಜ ಹೇಳಿ ಕರೆದುಕೊಂಡು ಹೋಗಿ. ನೀವು ನೀರಿಗಿಳಿಯುವುದು ಬೇಡ, ಹಗ್ಗದಲ್ಲಿ ಕಟ್ಟಿ ಇಳಿಸಿ. ನೀವೂ ಹೋಗಿ ಅಲ್ಲೇ ಉಳಿದುಬಿಟ್ಟರೆ ನಾನು ಯಾರಿಗೆ ಸಿಟ್ಟು ಮಾಡಲಿ?

ನಾನು ಕೈಪಂಪೇ ಒತ್ತುತ್ತೇನೆ. ನನ್ನ ಗಾಳಿ ನಾನೇ ತುಂಬಿಕೊಳ್ಳುತ್ತೇನೆ.

ಶ್ರೀಗೌರಿ

*

ಬೆಳಕೆ
೨೨ ಸಪ್ಟೆಂಬರ್ ೨೦೨೫

ಗೌರೀ,

ನೀನು ಹೇಳಿದ ಹಾಗೆ ಮಾಡಿದೆ.

ವಿಘ್ನೇಶ್ವರನಿಗೆ ಹೇಳುವುದೇ ಕಷ್ಟವಾಯಿತು. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ದೋಣಿಯ ಹಗ್ಗ ಬಿಚ್ಚಿ ಕೂತ. ದಾರಿಯುದ್ದಕ್ಕೂ ನನ್ನ ಕಡೆ ನೋಡಲಿಲ್ಲ. ಬೆಳಗಿನ ಹತ್ತು ಗಂಟೆ, ಒಳ್ಳೆ ಬಿಸಿಲು, ಕಡಲು ತಟ್ಟೆಯ ಹಾಗೆ ಸಮ ಇತ್ತು. ಆ ಜಾಗಕ್ಕೆ ಹೋದಾಗ ಸಿಲಿಂಡರಿನ ಉಸಿರು ಎಷ್ಟು ಜೋರಾಯಿತೆಂದರೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಕಿವುಡ ಕಿವಿ ಮುಚ್ಚಿಕೊಂಡದ್ದು ನೋಡಿ ವಿಘ್ನೇಶ್ವರನ ಮೋರೆ ಬಿಳಿಚಿತು.

ಬಾಯಿಕೊಳವೆ ಎರಡನ್ನೂ ತೊಳೆದು ಜೋಡಿಸಿದ್ದೆ. ಕೀಲು ತೆರೆದು ಇಳಿಸಿದೆ. ಎಂಟು ಮಾರು ಹಗ್ಗ ಹೋಗಿ ತಳ ಮುಟ್ಟಿತು. ಹಗ್ಗ ಕೊಯ್ದುಬಿಡಬೇಕು ಅಂತ ಚೂರಿ ಕೈಯಲ್ಲೇ ಇತ್ತು. ಆಗ ಒಂದು ಜಗ್ಗು ಬಂತು.

ಒಂದೇ. ಸಿಕ್ಕಿತು.

“ಮೀನು ತಾಗಿರಬೇಕು” ಅಂತ ವಿಘ್ನೇಶ್ವರ ಬಾಯಿ ಆಡಿಸಿದ್ದು ಕಂಡಿತು. ಅವನ ಕೈಯೂ ಹಗ್ಗದ ಮೇಲೇ ಇತ್ತು. ನನ್ನ ಕಿವಿಯಲ್ಲಿ ಸಿಲಿಂಡರಿನ ಉಸಿರು ನಿಂತುಹೋಯಿತು. ಹನ್ನೊಂದು ವರ್ಷದ ಮೇಲೆ ಪೂರ್ತಿ ಕಿವುಡನಾದೆ ಮಗಾ, ದೋಣಿಯಲ್ಲಿ ಕೂತು ಕೂಸಿನ ಹಾಗೆ ಅತ್ತೆ. ನಿನ್ನೆ ಮಂಚದ ಮೇಲೆ ಮಲಗಿ ನಿದ್ದೆ ಮಾಡಿದೆ.

ಧಾರವಾಡದಲ್ಲಿ ಕೈ ನಡುಗದಿರಲಿ. ಪಂದ್ಯದ ಹಿಂದಿನ ದಿನವೇ ಗಾಳಿ ತುಂಬಿಸಿಡು, ಬೆಳಿಗ್ಗೆ ಪಂಪು ಮುಟ್ಟಬೇಡ.

ಮಾಸ್ತಿ

*

ಹಳದೀಪುರ
೧೬ ಅಕ್ಟೋಬರ್ ೨೦೨೫

ಮಾಸ್ತಿ ಮಾವನಿಗೆ,

ಮಾವ ಅಂತ ಬರೆದದ್ದು ಕೈತಪ್ಪಿ ಅಲ್ಲ. ಪೂರ್ತಿ ಮನಸ್ಸಿನಿಂದಲೂ ಅಲ್ಲ. ಸದ್ಯಕ್ಕೆ ಹಾಗಿರಲಿ.

ಆಯ್ಕೆಯಾದೆ. ಆರಿಸಿದ ಎಂಟು ಜನರಲ್ಲಿ ಏಳನೆಯವಳು. ಐವತ್ತೊಂದು ಹತ್ತು ಬೀಳಲಿಲ್ಲ, ಮೂವತ್ತಾರು ಬಿತ್ತು. ಒಂದೊಂದು ಗುಂಡಿಗೂ ಉಸಿರು ಬೇಕು ಅನ್ನಿಸಿತು, ಉಸಿರಾಡಿದೆ. ಸೊಂಟ ಯಾರೂ ಎಳೆಯಲಿಲ್ಲ. ಗಾಳಿಯನ್ನು ಹಿಂದಿನ ದಿನವೇ ತುಂಬಿದ್ದೆ, ನಿಮ್ಮ ಮಾತಿನಂತೆ. ಪಂಪು ಒತ್ತಿದ್ದು ಅರ್ಧ ನಾನು, ನೂರೈವತ್ತರ ಮೇಲೆ ಅಮ್ಮ. ಅವಳಿಗೆ ಎಪ್ಪತ್ತು ಕೆ.ಜಿ. ಇರುವುದು ಈಗ ಉಪಯೋಗಕ್ಕೆ ಬಂತು. ಸೀರೆ ಎತ್ತಿ ಕಟ್ಟಿ ಒತ್ತಿದಳು.

ಒತ್ತುತ್ತಿರುವಾಗಲೇ ಅವಳಿಗೆ ಎಲ್ಲ ಹೇಳಿದೆ. ನಿಮ್ಮ ಕಾಗದಗಳನ್ನೂ ಓದಿ ಹೇಳಿದೆ. ಅವಳು ಪಂಪು ನಿಲ್ಲಿಸಲಿಲ್ಲ. ಇನ್ನೂರಕ್ಕೆ ಬಂದ ಮೇಲೆ ನೆಲದ ಮೇಲೆ ಕೂತು ಒಂದೇ ಮಾತು ಕೇಳಿದಳು. “ಆ ಹಗ್ಗ ಕೊಯ್ದಿದ್ನೋ, ಇಲ್ಲವೋ?”

ನಿಮ್ಮ ಕಾಗದದಲ್ಲಿ ಅದಿಲ್ಲ. ಬರೆಯಿರಿ. ಅವಳು ದಿನಾ ಪೋಸ್ಟ್‌ಮ್ಯಾನ್ ದಾರಿ ನೋಡುತ್ತಾಳೆ.

ಗೌರಿ

*

ಬೆಳಕೆ
೨೧ ಅಕ್ಟೋಬರ್ ೨೦೨೫

ಗೌರೀ, ರೇಖಾ,

ಇದು ಅಂಚೆಯಲ್ಲಿ ಬರುವುದಿಲ್ಲ. ವಿಘ್ನೇಶ್ವರ ಬೈಕಿನಲ್ಲಿ ತರುತ್ತಾನೆ.

ಕೊಯ್ಯಲಿಲ್ಲ. ಚೂರಿ ಇಟ್ಟೆ, ಕೈ ಬರಲಿಲ್ಲ. ಹಗ್ಗದ ತುದಿಯನ್ನು ತೇಲುಬುರುಡೆಗೆ ಕಟ್ಟಿ ಬಿಟ್ಟು ಬಂದಿದ್ದೆ. ದಿನಾ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಒಂದು ಗಳಿಗೆ ಹಗ್ಗ ಹಿಡಿದು ಕೂತು ಬರುತ್ತಿದ್ದೆ. ಏನೂ ಇರಲಿಲ್ಲ, ನೀರಿನ ಎಳೆತ ಬಿಟ್ಟರೆ.

ಇವತ್ತು ಬೆಳಿಗ್ಗೆ ಮೂರು ಜಗ್ಗು ಬಂತು. ಮೇಲೆಳೆ.

ಒಂದು ಸಲ ಅಲ್ಲ. ಮೂರು, ನಿಂತು ಮತ್ತೆ ಮೂರು. ದಾಟುತ್ತಿದ್ದ ಇನ್ನೊಂದು ದೋಣಿಗೆ ಕೂಗಿ ಅದರಲ್ಲಿ ವಿಘ್ನೇಶ್ವರನನ್ನು ಕರೆಸಿ ಅವನ ಕೈಗೂ ಕೊಟ್ಟು ನೋಡಿದೆ. ಈ ಸಲ ಅವನು ಮೀನು ಅನ್ನಲಿಲ್ಲ. ಹಗ್ಗವನ್ನು ನನ್ನ ಸೊಂಟಕ್ಕೆ ಸುತ್ತಿಕೊಂಡು ದೋಣಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಅಲ್ಲಲ್ಲಿ ಹಾರಿರುವುದು ಅದಕ್ಕೇ. ಬರೆಯುವಾಗಲೂ ಜಗ್ಗುತ್ತಿದೆ.

ಎಳೆದರೆ ಎಂತ ಬರುತ್ತದೆ ಗೊತ್ತಿಲ್ಲ. ತುಂಬಾ ಭಾರ ಇದೆ, ಸಿಲಿಂಡರು ಇಷ್ಟು ಭಾರ ಇರಲಿಲ್ಲ. ನಾನೊಬ್ಬನೇ ಎಳೆಯಲಾರೆ, ನೀವಿಬ್ಬರು ಬರದೆ ಎಳೆಯುವುದೂ ಇಲ್ಲ. ಬೇಗ ಬನ್ನಿ. ಅಲ್ಲಿಯತನಕ ಹಗ್ಗ ಬಿಡುವುದಿಲ್ಲ.

ಮಾಸ್ತಿ